ಮಾಹಿತಿ ಹಕ್ಕಿನ ಅರ್ಜಿ: ‘ಯಾಕೆ’ ಅಂತ ಕೇಳಬೇಡಿ, ಕಾಗದ ಕೇಳಿ

ಕೌಂಟರಿನ ಆ ಕಡೆಯಿಂದ ‘ಅದಕ್ಕೆ ರೂಲ್ಸ್ ಇಲ್ಲ ಸ್ವಾಮಿ’ ಎನ್ನುವ ಮಾತು ಬಂದರೆ ನಮ್ಮಲ್ಲಿ ಮುಕ್ಕಾಲು ಜನ ವಾಪಸ್ ಬರುತ್ತಾರೆ, ಉಳಿದವರು ಜಗಳ ಆಡುತ್ತಾರೆ. ಎರಡರಿಂದಲೂ ಕೆಲಸ ಆಗುವುದಿಲ್ಲ. ಯಾವ ರೂಲ್ಸು, ಎಲ್ಲಿದೆ, ಅದರ ಪ್ರತಿ ಕೊಡಿ ಎಂದು ಬರಹದಲ್ಲಿ ಕೇಳುವ ದಾರಿ ಮಾಹಿತಿ ಹಕ್ಕು ಕಾಯ್ದೆಯಲ್ಲಿ 2005ರಿಂದಲೂ ಇದೆ. ಹತ್ತು ರೂಪಾಯಿಯ ಖರ್ಚು. ಆದರೂ ಜನ ಕೇಳುವುದಿಲ್ಲ. ಕೇಳಿದರೂ ಹೇಗೆ ಕೇಳುತ್ತಾರೆ ಅಂದರೆ, ಇಲ್ಲ ಅನ್ನುವುದಕ್ಕೆ ಕಾರಣವನ್ನು ತಾವೇ ಕೈಗಿಟ್ಟು ಬರುತ್ತಾರೆ.

ಪರಿಚಯದವರಿಗೆ ಇಂಥ ಅರ್ಜಿ ಬರೆದುಕೊಡುತ್ತಾ, ಅವರು ತಾವೇ ಬರೆದು ಕೆಡಿಸಿಕೊಂಡಿದ್ದನ್ನು ಮತ್ತೆ ತಿದ್ದುತ್ತಾ ಸುಮಾರು ವರ್ಷ ಆಯಿತು. ತಪ್ಪೆಲ್ಲ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಆಗುತ್ತದೆ. ಅಲ್ಲಿಗೆ ಬರುತ್ತೇನೆ, ಮೊದಲು ಸಣ್ಣಪುಟ್ಟದ್ದನ್ನು ಮುಗಿಸಿಬಿಡೋಣ.

ಮೊದಲು: ಅರ್ಜಿ ಬೇಕಾ ಅಂತ ನೋಡಿ

ಜಾತಿ-ಆದಾಯ ಪ್ರಮಾಣಪತ್ರ, ಖಾತೆ ಬದಲಾವಣೆ ಇಂಥದ್ದು ತಡವಾಗಿದ್ದರೆ ಅದಕ್ಕೆ ಸಕಾಲ ಇದೆ, ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ ರಾಜ್ಯದ ಕಾಯ್ದೆ ಅದು. ಅರ್ಜಿ ಕೊಟ್ಟಾಗ ಬಂದ 15 ಅಂಕಿಯ ನಂಬರ್ ಹಿಡಿದು ಮೇಲ್ಮನವಿ ಹಾಕಿ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಎಂದು ಆ ಕಾಯ್ದೆಯಲ್ಲೇ ಇದೆ. ಗ್ರಾಮ ಪಂಚಾಯಿತಿಯ ಲೆಕ್ಕಪತ್ರ ಒಂದಷ್ಟು ‘ಪಂಚತಂತ್ರ’ ಜಾಲತಾಣದಲ್ಲೇ ಸಿಗುತ್ತದೆ, ಪಹಣಿ ‘ಭೂಮಿ’ಯಲ್ಲಿ ಸಿಗುತ್ತದೆ. ಅಲ್ಲಿ ಸಿಗುವುದಕ್ಕೆ ಒಂದು ತಿಂಗಳು ಕಾಯುವುದು ಸುಮ್ನೆ ದಂಡ.

ಯಾರಿಗೆ ಬರೆಯಬೇಕು

ಆ ಕಚೇರಿಯ ‘ಸಾರ್ವಜನಿಕ ಮಾಹಿತಿ ಅಧಿಕಾರಿ’ಗೆ. ಪಂಚಾಯಿತಿಯಲ್ಲಾದರೆ ಸಾಮಾನ್ಯವಾಗಿ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ಹೆಸರು ಬೇಡ, ಹುದ್ದೆ ಸಾಕು, ಆ ಮನುಷ್ಯ ಮುಂದಿನ ವಾರ ವರ್ಗವಾಗಬಹುದು. ತಪ್ಪು ಕಚೇರಿಗೆ ಹೋದರೂ ಗಾಬರಿ ಬೇಡ. ಐದು ದಿನದೊಳಗೆ ಸರಿಯಾದ ಕಚೇರಿಗೆ ಅವರೇ ಕಳಿಸಬೇಕು, ಕಲಂ 6(3) ಅದಕ್ಕೇ ಇರುವುದು. ‘ಸಂಬಂಧಪಟ್ಟ ಇಲಾಖೆಯಲ್ಲಿ ವಿಚಾರಿಸಿ’ ಎಂದು ಹಿಂಬರಹ ಕೊಟ್ಟು ಕೈತೊಳೆದುಕೊಳ್ಳುವ ಹಾಗಿಲ್ಲ.

ಅರ್ಜಿ ನಿಮ್ಮ ಸ್ವಂತ ಹೆಸರಿನಲ್ಲಿರಲಿ. ಕಾಯ್ದೆ ಹಕ್ಕು ಕೊಟ್ಟಿರುವುದು ನಾಗರಿಕರಿಗೆ. ಬಡಾವಣೆ ಸಂಘದ ಲೆಟರ್‌ಹೆಡ್ಡಿನಲ್ಲಿ, ಅಧ್ಯಕ್ಷರು ಮತ್ತು ಕಾರ್ಯದರ್ಶಿ ಅಂತ ಸೀಲು ಒತ್ತಿ ಕಳಿಸಿ, ಅದೇ ನೆಪದಲ್ಲಿ ತಿರಸ್ಕಾರವಾಗಿ ಬಂದ ಅರ್ಜಿಯನ್ನು ನಾನೇ ನೋಡಿದ್ದೇನೆ.

ಈಗ ಅಸಲು ಕೆಲಸ: ಏನು ಕೇಳಬೇಕು

ಒಬ್ಬರು ಹಿರಿಯರು ತಮ್ಮ ಅರ್ಜಿ ತಂದು ತೋರಿಸಿದರು. ಮೂರು ಪುಟ ಇತ್ತು. ಮನೆ ಮುಂದಿನ ಚರಂಡಿ ಅರ್ಧಕ್ಕೆ ನಿಂತು ಎರಡು ಮಳೆಗಾಲ ಕಳೆದಿದೆ, ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಬರೆದದ್ದು ಹೀಗೆ: ‘ಕಾಮಗಾರಿ ಯಾಕೆ ಅರ್ಧಕ್ಕೆ ನಿಂತಿದೆ? ಇದಕ್ಕೆ ಯಾರು ಹೊಣೆ? ಕಂಟ್ರಾಕ್ಟರ್ ಮೇಲೆ ಯಾವಾಗ ಕ್ರಮ ಕೈಗೊಳ್ಳುತ್ತೀರಿ? ತೆರಿಗೆ ಕಟ್ಟುವ ನಮಗೆ ಉತ್ತರ ಕೊಡುವ ಜವಾಬ್ದಾರಿ ನಿಮಗಿಲ್ಲವೇ?’ ಇಪ್ಪತ್ತೆಂಟನೇ ದಿನಕ್ಕೆ ಉತ್ತರ ಬಂದಿತ್ತು, ಎರಡೇ ಸಾಲು. ‘ತಾವು ಕೋರಿರುವುದು ಪ್ರಶ್ನಾ ರೂಪದಲ್ಲಿದ್ದು, ಕಲಂ 2(ಎಫ್)ರ ಅಡಿಯಲ್ಲಿ ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ.’

ಇದು ಉದ್ಧಟತನ ಅಂತ ಅವರಿಗೆ ಅನ್ನಿಸಿತು. ನಿಜ ಹೇಳಬೇಕೆಂದರೆ ಉತ್ತರ ಕೊಟ್ಟವರ ಮಾತಿಗೆ ಆಧಾರ ಇತ್ತು. ಈ ಕಾಯ್ದೆಯಲ್ಲಿ ‘ಮಾಹಿತಿ’ ಅಂದರೆ ಕಚೇರಿಯಲ್ಲಿ ಈಗಾಗಲೇ ಇರುವ ದಾಖಲೆ: ಕಡತ, ಆದೇಶ, ಸುತ್ತೋಲೆ, ವಹಿ, ಕರಾರು, ಮಾದರಿ, ಕಂಪ್ಯೂಟರಿನಲ್ಲಿರುವ ದತ್ತಾಂಶ. ಇಲ್ಲದ್ದನ್ನು ಹುಟ್ಟಿಸಿ ಕೊಡಬೇಕಿಲ್ಲ, ಸಲಹೆ ಕೊಡಬೇಕಿಲ್ಲ, ಹೀಗ್ಯಾಕೆ ಮಾಡಿದಿರಿ ಎಂಬುದಕ್ಕೆ ವಿವರಣೆ ಬರೆದು ಕೊಡಬೇಕಿಲ್ಲ. ಸುಪ್ರೀಂ ಕೋರ್ಟು 2011ರಲ್ಲಿ ಸಿಬಿಎಸ್‌ಇ ಉತ್ತರಪತ್ರಿಕೆ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿದೆ. ಅದೇ ತೀರ್ಪಿನಲ್ಲಿ ಪರೀಕ್ಷೆ ಬರೆದವರಿಗೆ ತಮ್ಮ ಉತ್ತರಪತ್ರಿಕೆ ನೋಡುವ ಹಕ್ಕಿದೆ ಅಂತಲೂ ಹೇಳಿದೆ. ಯಾಕೆಂದರೆ ಅದು ಇರುವ ಕಾಗದ.

ಹಾಗಾದರೆ ‘ಯಾಕೆ’ಗೆ ಉತ್ತರವೇ ಸಿಗುವುದಿಲ್ಲವಾ? ಸಿಗುತ್ತದೆ, ಆದರೆ ಅದು ಯಾವುದೋ ಒಂದು ಹಾಳೆಯಲ್ಲಿ ಕೂತಿರುತ್ತದೆ, ಆ ಹಾಳೆಯ ಹೆಸರು ಹಿಡಿದು ಕರೆಯಬೇಕು ಅಷ್ಟೇ. ಸರ್ಕಾರಿ ಕಚೇರಿಯಲ್ಲಿ ಸುಮ್ಮನೆ ಏನೂ ಆಗುವುದಿಲ್ಲ. ಕೇಸ್ ವರ್ಕರ್ ಒಂದು ಟಿಪ್ಪಣಿ ಬರೆಯುತ್ತಾರೆ, ಮೇಲಿನವರು ಪಕ್ಕದಲ್ಲಿ ಇನ್ನೊಂದು ಸಾಲು ಬರೆದು ಸಹಿ ಹಾಕುತ್ತಾರೆ, ಕಡತ ಮುಂದಿನ ಮೇಜಿಗೆ ಹೋಗುತ್ತದೆ. ನಿಮ್ಮ ‘ಯಾಕೆ’ ಇರುವುದು ಆ ಟಿಪ್ಪಣಿ ಹಾಳೆಯಲ್ಲಿ.

ಆದ್ದರಿಂದ ‘ನನ್ನ ಅರ್ಜಿ ಯಾಕೆ ತಿರಸ್ಕಾರವಾಯಿತು’ ಅಂತ ಬರೆಯಬೇಡಿ. ‘ಇಂಥ ದಿನಾಂಕದ ನನ್ನ ಅರ್ಜಿಗೆ ಸಂಬಂಧಿಸಿದ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ’ ಅಂತ ಬರೆಯಿರಿ. ‘ಎಲ್ಲಿ ಕೊಳೆಯುತ್ತಿದೆ ನನ್ನ ಫೈಲು’ ಅನ್ನುವುದು ‘ಸದರಿ ಕಡತದ ಚಲನವಲನ ವಹಿಯ ಸಂಬಂಧಪಟ್ಟ ಪುಟಗಳ ಪ್ರತಿ’ ಆಗಬೇಕು. ಇನ್ನು ಮೊದಲೇ ಹೇಳಿದ ‘ರೂಲ್ಸ್ ಇಲ್ಲ’ ಅಥವಾ ‘ಈ ಫೀಸು ಕಟ್ಟಲೇಬೇಕು’ ಎನ್ನುವ ಮಾತಿಗೆ: ‘ಸದರಿ ಶುಲ್ಕ ವಸೂಲಿ ಮಾಡಲು ಆಧಾರವಾದ ಸರ್ಕಾರಿ ಆದೇಶ, ಸುತ್ತೋಲೆ ಅಥವಾ ಸಾಮಾನ್ಯ ಸಭೆಯ ನಡಾವಳಿಯ ಪ್ರತಿ’. ಈ ಒಂದು ಸಾಲು ಮಾಡುವ ಕೆಲಸ ನೋಡಬೇಕು ನೀವು. ಆದೇಶ ಇದ್ದರೆ ನಿಮಗೆ ಸಿಗುತ್ತದೆ, ನೀವೂ ಸುಮ್ಮನೆ ಕಟ್ಟುತ್ತೀರಿ. ಇಲ್ಲದಿದ್ದರೆ ‘ಅಂಥ ದಾಖಲೆ ಕಚೇರಿಯಲ್ಲಿ ಲಭ್ಯವಿಲ್ಲ’ ಎಂದು ಸಹಿ ಹಾಕಿ ಕೊಡಬೇಕಾಗುತ್ತದೆ, ಆ ಕಾಗದ ಹಿಡಿದು ಮತ್ತೆ ಅದೇ ಕೌಂಟರಿಗೆ ಹೋಗಿ.

ಆ ಹಿರಿಯರ ಮೂರು ಪುಟ ಕೊನೆಗೆ ಇಷ್ಟಾಯಿತು:

‘2023-24ನೇ ಸಾಲಿನಲ್ಲಿ ಶಾಲೆ ರಸ್ತೆಯಲ್ಲಿ ಕೈಗೊಂಡ ಚರಂಡಿ ಕಾಮಗಾರಿಗೆ ಸಂಬಂಧಿಸಿದ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು, ಪಾವತಿ ಮಾಡಿದ ಬಿಲ್ಲು ಮತ್ತು ವೋಚರ್, ಹಾಗೂ ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರ ನೀಡಿದ್ದಲ್ಲಿ ಅದರ ದೃಢೀಕೃತ ಪ್ರತಿಗಳು.’

ಒಂದು ಪ್ರಶ್ನೆ ಚಿಹ್ನೆಯೂ ಇಲ್ಲ, ಗಮನಿಸಿ. ಅಂದಾಜು ಪಟ್ಟಿಯಲ್ಲಿ ಎಷ್ಟು ಉದ್ದ, ಎಷ್ಟು ಅಗಲ, ಸಿಮೆಂಟು-ಜಲ್ಲಿ ಎಷ್ಟು ಅಂತ ಇರುತ್ತದೆ. ಅಳತೆ ಪುಸ್ತಕ, ಅಂದರೆ ಎಲ್ಲರೂ ಎಂಬಿ ಅನ್ನುತ್ತಾರಲ್ಲ ಅದು, ನಿಜವಾಗಿ ಎಷ್ಟು ಆಗಿದೆ ಎಂದು ಎಂಜಿನಿಯರ್ ಸ್ಥಳಕ್ಕೆ ಹೋಗಿ ಅಳೆದು ಬರೆದು ಸಹಿ ಹಾಕಿದ್ದು. ಬಿಲ್ಲು ಪಾಸಾಗುವುದು ಅದರ ಮೇಲೆ. ನಮಗೆ ಪ್ರತಿ ಕೈಗೆ ಬಂದ ದಿನ ಸಂಜೆ ಹಿರಿಯರ ಮೊಮ್ಮಗ ಟೇಪಿನ ಒಂದು ತುದಿ ಹಿಡಿದ, ನಾನು ಇನ್ನೊಂದು ತುದಿ. ಪುಸ್ತಕದಲ್ಲಿ 120 ಮೀಟರ್ ಇತ್ತು, ನೆಲದ ಮೇಲೆ 84. ಮೂರು ಪುಟದ ಸಿಟ್ಟಿಗಿಂತ ಆ ಎರಡು ಅಂಕಿ ಜಾಸ್ತಿ ಮಾತಾಡಿದವು. ಹೊಣೆ ಯಾರು ಅಂತ ಕೇಳುವ ಅಗತ್ಯವೇ ಬೀಳಲಿಲ್ಲ, ಅಳತೆಯ ಕೆಳಗೇ ಸಹಿ ಇತ್ತಲ್ಲ.

ಈ ಹಂತದಲ್ಲಿ ಇನ್ನೂ ಮೂರು ಗುಂಡಿಗಳಿವೆ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಚರಂಡಿ ಜೊತೆ ಬೀದಿದೀಪವನ್ನೂ ಸೇರಿಸಿದರೆ ಮೊದಲ ವಿಷಯಕ್ಕೆ ಮಾತ್ರ ಉತ್ತರ ಬರಬಹುದು, ಎರಡಕ್ಕೂ ಬೇರೆ ಬೇರೆ ಅರ್ಜಿ ಹಾಕಿ. ಎರಡನೆಯದು ಅವಧಿ. ‘ಇಲ್ಲಿಯವರೆಗಿನ ಎಲ್ಲಾ ಕಾಮಗಾರಿಗಳ ಎಲ್ಲಾ ದಾಖಲೆ’ ಎಂದು ಕೇಳಿದರೆ, ಕೇಳಿದ ರೂಪದಲ್ಲಿ ಕೊಡಲು ಹೋದರೆ ಕಚೇರಿಯ ಸಂಪನ್ಮೂಲವೆಲ್ಲ ಇದಕ್ಕೇ ಹೋಗುತ್ತದೆ ಎನ್ನಲು ಕಲಂ 7(9) ಅವರ ಕೈಯಲ್ಲಿದೆ. ವರ್ಷ ಹಾಕಿ, ರಸ್ತೆ ಹೆಸರು ಹಾಕಿ, ಅರ್ಜಿ ನಂಬರ್ ಇದ್ದರೆ ಅದನ್ನೂ ಹಾಕಿ. ಮೂರನೆಯದು ಬೇರೆಯವರ ಖಾಸಗಿ ವಿಚಾರ. ನೌಕರನ ಸೇವಾ ವಿವರ, ಅವರ ಆಸ್ತಿ, ಪಕ್ಕದ ಮನೆಯವರ ಆದಾಯ ಇವನ್ನು ಕೇಳುವ ಆಸೆ ಬಹಳ ಜನಕ್ಕೆ ಇರುತ್ತದೆ. ಅದು ಕಲಂ 8(1)(ಜೆ)ಗೆ ಹೋಗಿ ಬಡಿಯುತ್ತದೆ, 2012ರಲ್ಲೇ ಸುಪ್ರೀಂ ಕೋರ್ಟು ಇಂಥದ್ದನ್ನು ವೈಯಕ್ತಿಕ ಮಾಹಿತಿ ಎಂದಿದೆ. ಕಾಮಗಾರಿ ಕೇಳಿ, ಮನುಷ್ಯನನ್ನು ಕೇಳಬೇಡಿ.

ಯಾವ ಉದ್ದೇಶಕ್ಕೆ ಬೇಕು ಅಂತ ಬರೆಯಲೇಬೇಡಿ. ಕಾರಣ ಕೇಳುವ ಹಾಗಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ, ನೀವಾಗಿ ಹೇಳಿ ಬಾಗಿಲು ಯಾಕೆ ತೆರೆಯುತ್ತೀರಿ. ‘ಮಾಹಿತಿ ಕೊಡದಿದ್ದರೆ ಲೋಕಾಯುಕ್ತಕ್ಕೆ ಹೋಗುತ್ತೇನೆ’ ಎಂಬ ಬೆದರಿಕೆಯೂ ಬೇಡ. ಹೋಗುವುದಿದ್ದರೆ ಕಾಗದ ಸಿಕ್ಕ ಮೇಲೆ ಹೋಗಿ.

ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಅಚ್ಚಾದ ಫಾರಂ ಬಗ್ಗೆ ಒಂದು ಮಾತು. ನಮ್ಮ ರಾಜ್ಯದಲ್ಲಿ ನಮೂನೆ ‘ಎ’ ಇದೆ, ಸರಿ, ಆದರೆ ಅಂಗಡಿಯ ಫಾರಮ್ಮಿನಲ್ಲಿ ಮಾಹಿತಿಯ ವಿವರ ಬರೆಯಲು ಎರಡು ಗೆರೆ ಜಾಗ ಕೊಟ್ಟಿರುತ್ತಾರೆ, ಜನ ಅದರೊಳಗೆ ತುರುಕಿ ತುರುಕಿ ಏನು ಕೇಳಿದ್ದೇವೆ ಎಂದು ತಮಗೇ ಓದಲಾಗದ ಹಾಗೆ ಮಾಡುತ್ತಾರೆ. ಅದೇ ನಮೂನೆಯನ್ನು ಬಿಳಿ ಹಾಳೆಯಲ್ಲಿ ಕೈಯಲ್ಲೇ ಬರೆದುಕೊಳ್ಳಿ. ಯೂಟ್ಯೂಬಿನಲ್ಲಿ ಸಿಗುವ ‘ಅಧಿಕಾರಿ ನಡುಗುವ 25 ಪ್ರಶ್ನೆಗಳು’ ನಕಲು ಮಾಡಬೇಡಿ, ಯಾರೂ ನಡುಗುವುದಿಲ್ಲ. ಐನೂರು ರೂಪಾಯಿ ತಗೊಂಡು ಅರ್ಜಿ ಹಾಕಿಕೊಡುವವರ ಹತ್ತಿರ ಹೋಗುವುದಂತೂ ಬೇಡವೇ ಬೇಡ.

ಹತ್ತು ರೂಪಾಯಿ

ಪೋಸ್ಟಲ್ ಆರ್ಡರ್ ಒಳ್ಳೆಯದು, ನಾನು ಬೇರೆ ಯಾವುದನ್ನೂ ಬಳಸುವುದಿಲ್ಲ. ನಗದು ಕಟ್ಟಿದರೆ ರಸೀದಿ ಬಿಡಬೇಡಿ. ಪೋಸ್ಟಲ್ ಆರ್ಡರಿನ ನಂಬರನ್ನು ಅರ್ಜಿಯ ಮೇಲೆ ಬರೆದು, ಎರಡನ್ನೂ ಫೋಟೋ ತೆಗೆದಿಟ್ಟುಕೊಳ್ಳಿ. ಬಿಪಿಎಲ್ ಕಾರ್ಡಿನವರಿಗೆ ಶುಲ್ಕ ಇಲ್ಲ, ಕಾರ್ಡಿನ ಪ್ರತಿ ಲಗತ್ತಿಸಿದರೆ ಸಾಕು.

ಕೊಡುವುದು

ಕೈಯಲ್ಲಿ ಕೊಟ್ಟರೆ ಟಪಾಲು ವಿಭಾಗದಲ್ಲಿ ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ‘ಇಟ್ಟು ಹೋಗಿ, ಸಾಹೇಬರು ಬಂದ ಮೇಲೆ ಹಾಕ್ತೀವಿ’ ಅಂದರೆ ಇಟ್ಟು ಬರಬೇಡಿ, ಸೀದಾ ಅಂಚೆ ಕಚೇರಿಗೆ ನಡೆಯಿರಿ, ಸ್ಪೀಡ್ ಪೋಸ್ಟ್ ಮಾಡಿ. ರಾಜ್ಯ ಸರ್ಕಾರದ ಆನ್‌ಲೈನ್ ಪೋರ್ಟಲ್ಲೂ ಇದೆ, ನಿಮಗೆ ಬೇಕಾದ ಕಚೇರಿ ಪಟ್ಟಿಯಲ್ಲಿದ್ದರೆ ಅದೇ ಸುಲಭ.

ಮೂವತ್ತು ದಿನ

ಅರ್ಜಿ ಅವರ ಕೈ ಸೇರಿದ ದಿನದಿಂದ ಎಣಿಸಿ. ಜೀವ ಅಥವಾ ಸ್ವಾತಂತ್ರ್ಯದ ವಿಷಯವಾದರೆ 48 ಗಂಟೆ. ನಡುವೆ ‘ಇಷ್ಟು ಪುಟ ಇದೆ, ಪುಟಕ್ಕೆ ಎರಡು ರೂಪಾಯಿಯಂತೆ ಕಟ್ಟಿ’ ಎಂದು ಪತ್ರ ಬರಬಹುದು. ಆ ಪತ್ರ ಕಳಿಸಿದ ದಿನದಿಂದ ನೀವು ಹಣ ಕಟ್ಟುವವರೆಗಿನ ದಿನಗಳು ಮೂವತ್ತರ ಲೆಕ್ಕಕ್ಕೆ ಬರುವುದಿಲ್ಲ, ಅದಕ್ಕೇ ತಡ ಮಾಡದೆ ಕಟ್ಟಿ. ಗಡುವು ಮೀರಿದ ಮೇಲೆ ಕೊಟ್ಟರೆ ಮಾತ್ರ ಉಚಿತವಾಗಿ ಕೊಡಬೇಕು, ಕಲಂ 7(6).

ನಾನೂರು ಪುಟ ಅಂದರೆ ಎಂಟುನೂರು ರೂಪಾಯಿ ಆಯಿತಲ್ಲ, ಅದಕ್ಕೆ ನನ್ನ ಖಾಯಂ ಸಲಹೆ: ಕಡತ ದೊಡ್ಡದು ಎಂಬ ಅನುಮಾನ ಇದ್ದರೆ ಪ್ರತಿ ಕೇಳಬೇಡಿ, ‘ಕಡತ ಪರಿಶೀಲನೆಗೆ ಅವಕಾಶ’ ಕೇಳಿ. ಹೋಗಿ ಕೂತು ಪುಟ ತಿರುವಿ, ಟಿಪ್ಪಣಿ ಮಾಡಿಕೊಳ್ಳಿ, ಬೇಕಾದ ಆರು ಪುಟಕ್ಕೆ ಮಾತ್ರ ದುಡ್ಡು ಕೊಡಿ. ‘ಕಡತ ಸಿಗುತ್ತಿಲ್ಲ’ ಎಂಬ ಉತ್ತರವೂ ಬರುತ್ತದೆ. ಮಾಹಿತಿ ನಿರಾಕರಿಸಬಹುದಾದ ಕಾರಣಗಳ ಪಟ್ಟಿ ಕಲಂ 8ರಲ್ಲಿದೆ, ‘ಸಿಗುತ್ತಿಲ್ಲ’ ಎನ್ನುವುದು ಅದರಲ್ಲಿಲ್ಲ.

ಉತ್ತರ ಬರದಿದ್ದರೆ

ಮೂವತ್ತೊಂದನೇ ದಿನದಿಂದ ಮತ್ತೆ ಮೂವತ್ತು ದಿನದೊಳಗೆ ಪ್ರಥಮ ಮೇಲ್ಮನವಿ. ಅದೇ ಕಚೇರಿಯ ಮೇಲಿನ ಅಧಿಕಾರಿಗೆ ಬರೆಯಬೇಕು, ಪಂಚಾಯಿತಿಯಾದರೆ ಸಾಮಾನ್ಯವಾಗಿ ತಾಲ್ಲೂಕು ಪಂಚಾಯಿತಿಯ ಇಒ, ಅಂದರೆ ಕಾರ್ಯನಿರ್ವಾಹಕ ಅಧಿಕಾರಿ. ಅರ್ಜಿ ಕೊಟ್ಟ ದಿನ, ಸ್ವೀಕೃತಿಯ ಪ್ರತಿ, ಮಾಹಿತಿ ಬಂದಿಲ್ಲ ಎಂಬ ಒಂದು ಸಾಲು, ಮುಗಿಯಿತು. ಇಲ್ಲೂ ಕಥೆ ಬರೆಯಬೇಡಿ. ಹೆಚ್ಚಿನ ಸಲ ಮಾಹಿತಿ ಬರುವುದೇ ಈ ಮೇಲ್ಮನವಿ ಹಾಕಿದ ಮೇಲೆ, ಆದರೆ ಜನ ಬೇಜಾರಾಗಿ ಕೈಬಿಡುವುದೂ ಇದೇ ಜಾಗದಲ್ಲಿ.

ಅಲ್ಲಿಂದಲೂ ಆಗದಿದ್ದರೆ 90 ದಿನದೊಳಗೆ ಬೆಂಗಳೂರಿನ ಮಾಹಿತಿ ಸೌಧದಲ್ಲಿರುವ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ತಡ ಮಾಡಿದ ಅಧಿಕಾರಿಗೆ ದಿನಕ್ಕೆ 250ರಂತೆ 25,000 ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕೆ ಮಾತ್ರ ಇದೆ, ಇಒಗೆ ಇಲ್ಲ. ಅವರ ಮುಂದೆ ದಂಡ ಹಾಕಿ ಅಂತ ಕೂಗಾಡಿ ಪ್ರಯೋಜನ ಇಲ್ಲ. ಆಯೋಗದಲ್ಲಿ ಪಾಳಿ ಬರಲು ಕಾಯಬೇಕಾಗುತ್ತದೆ. ಆ ಹೊತ್ತಿಗೆ ನಿಮ್ಮ ಮೊದಲ ಅರ್ಜಿ ‘ಯಾಕೆ’ ಎಂಬ ಪ್ರಶ್ನೆಗಳದ್ದೇ ಆಗಿದ್ದರೆ ಅದನ್ನು ಅಲ್ಲಿಗೇ ಬಿಡಿ. ಮೇಲ್ಮನವಿಯಲ್ಲಿ ಪ್ರಶ್ನೆ ಬದಲಾಯಿಸಲು ಬರುವುದಿಲ್ಲ. ಇನ್ನೊಂದು ಹತ್ತು ರೂಪಾಯಿ ಹಾಕಿ, ಈ ಸಲ ಕಾಗದದ ಹೆಸರು ಹಿಡಿದು ಹೊಸ ಅರ್ಜಿ ಬರೆಯಿರಿ.