ಹೊಸ ಹಕ್ಕಿಗೆ 45 ದಿನ ಬೇರೆ ಬಿಡಾರ

ಎರಡು ವರ್ಷದ ಹಿಂದೆ ಮುಂಬೈ ಬಳಿಯ ನಮ್ಮ ಡೊಂಬಿವಲಿ ಮನೆಗೆ ಒಂದು ಹಳದಿ ಬಡ್ಜಿ (ಪುಟ್ಟ ಸಾಕುಗಿಣಿ) ತಂದೆವು. ಮೊದಲೇ ನಾಲ್ಕಿದ್ದವು. ಹೊಸದು ಚುರುಕಾಗಿತ್ತು, ನವಣೆ ಚೆನ್ನಾಗಿ ತಿನ್ನುತ್ತಿತ್ತು. ಅದೇ ಸಂಜೆ ಎಲ್ಲದರ ಜೊತೆ ಬಿಟ್ಟೆವು. ಮೂರು ವಾರದೊಳಗೆ ಹಳೆಯ ಎರಡು ಹಕ್ಕಿ ಸತ್ತುಹೋದವು.

ಹಕ್ಕಿ ತನ್ನ ಕಾಯಿಲೆಯನ್ನು ಬಚ್ಚಿಡುತ್ತದೆ. ಗಿಣಿಜ್ವರದ (ಸಿಟಕೋಸಿಸ್) ಬ್ಯಾಕ್ಟೀರಿಯಾ ಆಗಲಿ, ಗರಿ ಉದುರಿಸುವ ಸರ್ಕೋವೈರಸ್ ಆಗಲಿ, ನೋಡಲು ಗಟ್ಟಿಮುಟ್ಟಾದ ಹಕ್ಕಿಯೊಳಗೂ ಇರಬಹುದು. ಜಾಗ ಬದಲಾದ ಗಾಬರಿಗೆ ಅಡಗಿದ್ದ ರೋಗ ಮೇಲೇಳುತ್ತದೆ. ಅದಕ್ಕೇ ಹೊಸದನ್ನು ಕನಿಷ್ಠ 30 ದಿನ, ಸಾಧ್ಯವಾದರೆ 45 ದಿನ ಬೇರೆ ಇಡಬೇಕು.

ಒಂದು ರೂಮು, ಒಂದು ಕಿಚನ್ ಇರುವ ಮನೆಯಲ್ಲಿ ಬೇರೆ ಜಾಗ ಎಲ್ಲಿಂದ ತರುವುದು ಅಂತ ಕೇಳುತ್ತೀರಿ, ಅಲ್ವಾ? ಹಕ್ಕಿ ತರುವ ಮೊದಲೇ ಇದಕ್ಕೆ ಉತ್ತರ ಹುಡುಕಿ. ಹಾಲ್‌ನ ಇನ್ನೊಂದು ಮೂಲೆ ಸಾಲದು. ಫ್ಯಾನ್ ಹಾಕಿದರೆ ಗರಿಯ ಪುಡಿ, ಒಣಗಿದ ಹಿಕ್ಕೆಯ ಧೂಳು ಮನೆಯೆಲ್ಲ ಹಾರುತ್ತದೆ. ಕಿಟಕಿಯ ಗ್ರಿಲ್‌ನಲ್ಲೂ ಬೇಡ, ಅಲ್ಲಿಗೆ ಬರುವ ಪಾರಿವಾಳಗಳೂ ಗಿಣಿಜ್ವರ ತರುತ್ತವೆ. ಬಾಗಿಲು ಮುಚ್ಚಬಹುದಾದ ಬೆಡ್‌ರೂಮ್ ಸರಿ. ಅದೂ ಇಲ್ಲದಿದ್ದರೆ ಹಕ್ಕಿ ಸಾಕದ ನೆಂಟರ ಮನೆ. ಈ ಸಲ ತಂದ ಹೊಸ ಹಕ್ಕಿಯನ್ನು ನಾವು ವಾಶಿಯ ಚಿಕ್ಕಮ್ಮನ ಮನೆಯಲ್ಲಿ ಇಟ್ಟೆವು. ಎಲ್ಲೂ ಜಾಗವಿಲ್ಲ ಅಂದರೆ ಹೊಸ ಹಕ್ಕಿ ತರಲೇಬೇಡಿ. (ನಮ್ಮ ನಾಡಿನ ಹಸಿರು ಗಿಣಿಯನ್ನಂತೂ ಸಾಕುವ ಹಾಗೇ ಇಲ್ಲ, 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಅಪರಾಧ.)

ಪಂಜರ, ಬಟ್ಟಲು, ಕೂರುವ ಕೋಲು ಎಲ್ಲ ಬೇರೆ ಇರಲಿ. ಬೆಳಿಗ್ಗೆ ಹಳೆಯ ಹಕ್ಕಿಗಳ ಕೆಲಸ ಮೊದಲು, ಹೊಸದರದು ಕೊನೆಗೆ. ಆಮೇಲೆ ಸೋಪಿನಿಂದ ಕೈ ತೊಳೆದು ಅಂಗಿ ಬದಲಿಸಿ. ಪಂಜರದಡಿಯ ಪೇಪರನ್ನು ದಿನಾ ತೆಗೆಯಿರಿ, ಆದರೆ ಮೊದಲು ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಳ್ಳಿ. ಒಣ ಪೊರಕೆ ಆಡಿಸಬೇಡಿ.

ಅಡುಗೆಮನೆಯ ತಕ್ಕಡಿಯಂಥ ಒಂದು ಡಿಜಿಟಲ್ ತಕ್ಕಡಿ ಹಕ್ಕಿಗೇ ಅಂತ ಇಡಿ. ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ. ಬಡ್ಜಿಯ ತೂಕ ಸುಮಾರು 30ರಿಂದ 40 ಗ್ರಾಂ. ದಿನಾ ಬೆಳಿಗ್ಗೆ ಕಾಳು ಹಾಕುವ ಮೊದಲು ತೂಗಿ ಬರೆದಿಡಿ. ಮೂರು ಗ್ರಾಂ ಇಳಿದರೂ ಅದು ದೊಡ್ಡ ಇಳಿತ. ಪುಕ್ಕ ಉಬ್ಬಿಸಿಕೊಂಡು ಕೂತಿದ್ದರೆ, ಉಸಿರಿಗೊಮ್ಮೆ ಬಾಲ ಕುಣಿಯುತ್ತಿದ್ದರೆ, ಹಿಕ್ಕೆ ನೀರಾಗಿದ್ದರೆ, ಹಿಕ್ಕೆಯ ಬಿಳಿ ಭಾಗ ಹಸಿರಾಗಿದ್ದರೆ ಅದೇ ದಿನ ಡಾಕ್ಟರ ಬಳಿ ಹೋಗಿ.

ಚೆನ್ನಾಗಿದ್ದರೂ ಮೊದಲ ವಾರದಲ್ಲಿ ಒಮ್ಮೆ ತೋರಿಸಿ, ತಾಜಾ ಹಿಕ್ಕೆಯನ್ನೂ ಒಯ್ಯಿರಿ. ಮುಂಬೈಯವರಿಗೆ ಪರೇಲ್‌ನ ಪ್ರಾಣಿ ಆಸ್ಪತ್ರೆ ಇದೆ. ಸರ್ಕೋವೈರಸ್‌ಗೆ ಮದ್ದಿಲ್ಲ, ಪಿಸಿಆರ್ ಪರೀಕ್ಷೆಯಲ್ಲಿ ಪತ್ತೆ ಮಾಡಬಹುದು. ಗಿಣಿಜ್ವರಕ್ಕೆ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಇದೆ, ಆದರೆ ಸಾಮಾನ್ಯವಾಗಿ 45 ದಿನ ಕೊಡಬೇಕು. ಅಂಗಡಿಯವರು ಕೊಟ್ಟ ಪುಡಿಯನ್ನು ಸುಮ್ನೆ ನೀರಿಗೆ ಬೆರೆಸಬೇಡಿ. ಅರ್ಧಂಬರ್ಧ ಔಷಧಿಗೆ ಲಕ್ಷಣ ಅಡಗುತ್ತದೆ, ಪರೀಕ್ಷೆಯೂ ತಪ್ಪು ಹೇಳಬಹುದು.

ಅವಧಿ ಮುಗಿದ ಮೇಲೆ ಎರಡೂ ಪಂಜರಗಳನ್ನು ಕೆಲವು ದಿನ ಅಕ್ಕಪಕ್ಕ ಇಟ್ಟು, ಆಮೇಲೆ ಒಟ್ಟಿಗೆ ಬಿಡಿ. ನಡುವೆ ಮತ್ತೊಂದು ಹಕ್ಕಿ ಅದೇ ರೂಮಿಗೆ ಬಂದರೆ ಲೆಕ್ಕ ಮೊದಲ ದಿನದಿಂದ ಶುರು.

ಈ ದಿನಗಳಲ್ಲಿ ಮನೆಯವರಿಗೆ ಜ್ವರ, ತಲೆನೋವು, ಒಣ ಕೆಮ್ಮು ಬಂದರೆ ಮನೆಯಲ್ಲಿ ಹಕ್ಕಿ ಇದೆ ಅಂತ ಡಾಕ್ಟರಿಗೆ ಹೇಳಿ. ಗಿಣಿಜ್ವರ ಮನುಷ್ಯರಿಗೂ ಹರಡುತ್ತದೆ.