ಟಾಯ್ಲೆಟ್ ಪಿಟ್ (ಸೆಪ್ಟಿಕ್ ಟ್ಯಾಂಕ್) ಕ್ಲೀನ್ ಮಾಡೋಕೆ ಒಳಗೆ ಮನುಷ್ಯರನ್ನ ಇಳಿಸ್ಬಾರ್ದು ಅಂತ ಅಕ್ಕಪಕ್ಕದೋರನ್ನ ಒಪ್ಪಿಸೋದು ಹೇಗೆ

ಮಾನವ ಹಕ್ಕು ಅಂತ ಮಾತು ಶುರು ಮಾಡಿದ್ರೆ ಅಪಾರ್ಟ್‌ಮೆಂಟ್ ಮೀಟಿಂಗಲ್ಲಿ ಯಾರೂ ಕೂತು ಕೇಳಲ್ಲ, ಅವರೇನು ಕೆಟ್ಟೋರಲ್ಲ, ಅದು ಎಲ್ಲೋ ದೂರದ ದೊಡ್ಡೋರ ವಿಷಯ ಅನ್ಸುತ್ತೆ ಅಷ್ಟೇ. ಅದಕ್ಕೇ ಅವರ ಮನೆ ಪಿಟ್‌ನಿಂದ್ಲೇ ಶುರು ಮಾಡಿ. "ನಮ್ ಟ್ಯಾಂಕ್ ಹೋದ್ಸಲ ಯಾರು ಕ್ಲೀನ್ ಮಾಡಿದ್ರು, ಒಳಗೆ ಯಾರಾದ್ರೂ ಇಳಿದಿದ್ರಾ?" ಅಂತ ಕೇಳಿ. ಸುಮಾರು ಜನಕ್ಕೆ ಉತ್ತರ ಗೊತ್ತಿರಲ್ಲ, ಸೆಕ್ರೆಟರಿ ಮುಖ ನೋಡ್ತಾರೆ, ಅಲ್ಲಿಗೆ ಮಾತು ಶುರುವಾಯ್ತು.

ಆಮೇಲೆ ಒಳಗೆ ಏನಿರುತ್ತೆ ಅಂತ ಹೇಳಿ. ಬರೀ ಗಲೀಜಾಗಿದ್ರೆ ತೊಳ್ಕೋಬಹುದಿತ್ತು, ಇರೋದು ಹೈಡ್ರೋಜನ್ ಸಲ್ಫೈಡ್ ಅನ್ನೋ ವಿಷದ ಗ್ಯಾಸ್. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆ ವಾಸನೆ ಬರುತ್ತೆ, ಜಾಸ್ತಿ ಆದ್ರೆ ಮೂಗೇ ಸತ್ತೋಗಿ ವಾಸನೆನೂ ಗೊತ್ತಾಗಲ್ಲ, ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪಿ ಬೀಳ್ತಾರೆ, ಅವರನ್ನ ಎತ್ತೋಕೆ ಅಂತ ಇಳಿದೋರೂ ಅಲ್ಲೇ ಬೀಳ್ತಾರೆ. ಒಂದೇ ಗುಂಡೀಲಿ ಇಬ್ರು ಮೂವರು ಸತ್ರು ಅಂತ ಪೇಪರಲ್ಲಿ ಬರೋದು ಇದಕ್ಕೇ. ಇದನ್ನ ನಿಧಾನಕ್ಕೆ, ಸರಿಯಾಗಿ ಹೇಳಿ. ಸತ್ತೋರ ಫೋಟೋ ಮಾತ್ರ ಗ್ರೂಪಿಗೆ ಹಾಕ್ಬೇಡಿ, ಆ ಮನೆಯೋರ ಮರ್ಯಾದೆನೂ ಹಕ್ಕೇ.

"ಅವರೇ ದುಡ್ಡಿಗೆ ಒಪ್ಕೊಂಡು ಇಳೀತಾರಲ್ಲ" ಅಂತ ಒಬ್ರಾದ್ರೂ ಅಂದೇ ಅಂತಾರೆ, ಜಗಳ ಆಡ್ಬೇಡಿ. ತಲತಲಾಂತರದಿಂದ ಯಾವ ಜಾತಿಯೋರನ್ನ ಈ ಕೆಲಸಕ್ಕೆ ತಳ್ಳಿದೀವಿ ಅನ್ನೋದನ್ನ ನೇರವಾಗಿ ಹೇಳಿ, ಮುಚ್ಚಿಟ್ಟು ಮಾತಾಡಿದ್ರೆ ಪ್ರಯೋಜನ ಇಲ್ಲ. ನಮ್ಮ ಕೆಜಿಎಫ್‌ನ ಬೆಜವಾಡ ವಿಲ್ಸನ್ ಅವರ ಕಥೆ ಹೇಳಿ, ಅವರ ಮನೆಯೋರೇ ಮಲ ಬಳಿಯೋ ಕೆಲಸದಲ್ಲಿದ್ರು, ಅಲ್ಲಿಂದ ಎದ್ದು ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದ್ರು, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆ ಸಂಘಟನೆ ಹಾಕಿದ್ದ ಕೇಸಲ್ಲೇ 2014ರಲ್ಲಿ ಸುಪ್ರೀಂ ಕೋರ್ಟು, ಸತ್ತೋರ ಕುಟುಂಬಕ್ಕೆ 10 ಲಕ್ಷ ಕೊಡಿ ಅಂದಿದ್ದು, 2023ರಲ್ಲಿ ಇನ್ನೊಂದು ಕೇಸಲ್ಲಿ ಅದು 30 ಲಕ್ಷ ಆಯ್ತು.

ಕಾನೂನಿನ ವಿಷಯ ಕೊನೆಗಿಟ್ಕೊಳಿ, ಮೊದಲೇ ಹೆದರಿಸಿದ್ರೆ ಜನ ದೂರ ಹೋಗ್ತಾರೆ. ಮನುಷ್ಯರ ಕೈಲಿ ಮಲ ಬಳಿಸೋದನ್ನ ನಿಷೇಧಿಸಿರೋ 2013ರ ಕಾಯ್ದೆ ಪ್ರಕಾರ ಸೇಫ್ಟಿ ಇಲ್ದೆ ಇಳಿಸೋದು ಅಪರಾಧ, ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಎರಡೂ ಆಗ್ಬಹುದು. ಕೆಲಸದೋರು ಒಪ್ಕೊಂಡಿದ್ರು ಅಂತ ಹೇಳಿ ತಪ್ಪಿಸ್ಕೊಳ್ಳೋಕಾಗಲ್ಲ.

ಈಗ ಮುಖ್ಯವಾದದ್ದು, ಕೇಳೋದನ್ನ ಒಂದೇ ಕೇಳಿ. "ಬೆಂಬಲ ಕೊಡಿ" ಅಂದ್ರೆ ಎಲ್ರೂ ತಲೆ ಆಡಿಸಿ ಮನೆಗೆ ಹೋಗ್ತಾರೆ. ಅದರ ಬದಲು ಕಂಟ್ರಾಕ್ಟಲ್ಲಿ ಒಂದು ಸಾಲು ಸೇರಿಸಿ ಅನ್ನಿ, ಸಕ್ಕಿಂಗ್ (ಗಲೀಜು ಹೀರೋ) ಅಥವಾ ಜೆಟ್ಟಿಂಗ್ (ಜೋರಾಗಿ ನೀರು ಬಿಟ್ಟು ಬ್ಲಾಕ್ ತೆಗೆಯೋ) ಮಷೀನಲ್ಲೇ ಕೆಲಸ ಆಗ್ಬೇಕು, ಮನುಷ್ಯರು ಇಳಿಯೋ ಹಾಗಿಲ್ಲ ಅಂತ. ಮಷೀನಿಗೆ ಜಾಸ್ತಿ ಆಗೋ ದುಡ್ಡನ್ನ ಫ್ಲ್ಯಾಟಿಗೆ ಹಂಚಿ ಲೆಕ್ಕ ತೋರಿಸಿ, ಹಂಚಿದ್ಮೇಲೆ ಅದು ಅಂಥ ದೊಡ್ಡ ಮೊತ್ತ ಅನ್ಸಲ್ಲ. ಸಹಿ ಅವತ್ತೇ ಹಾಕಿಸಿ, ಮುಂದಿನ ಮೀಟಿಂಗ್ ಅಂದ್ರೆ ಹೋಯ್ತು.

ಇಷ್ಟಾದ್ರೂ ಒಂದು ಕೆಲಸ ಉಳಿಯುತ್ತೆ. ಭಾನುವಾರ ಬೆಳಗ್ಗೆ ಲೈನ್ ಬ್ಲಾಕ್ ಆದಾಗ ಸೆಕ್ರೆಟರಿ ಫೋನ್ ಎತ್ತಲ್ಲ, ಗೇಟಲ್ಲಿರೋ ಸೆಕ್ಯೂರಿಟಿಯೋ ಪ್ಲಂಬರೋ ಯಾರನ್ನೋ ಕರ್ಕೊಂಡು ಬಂದು ಇಳಿಸಿಬಿಡ್ತಾರೆ. ಅವರಿಬ್ರಿಗೂ ಅವರ ಭಾಷೇಲೇ ಕೂರಿಸಿ ಹೇಳಿ, ಮಷೀನಿನೋರ ನಂಬರ್ ಜೊತೆ ಸರ್ಕಾರದ ಸಹಾಯವಾಣಿ 14420 ದಪ್ಪಕ್ಕೆ ಬರೆದು ಪಂಪ್ ರೂಮ್ ಬಾಗಿಲಿಗೆ ಅಂಟಿಸಿ.