ಹಾವು ಕಡಿತ ಮತ್ತು 20 ನಿಮಿಷದ ರಕ್ತ ಪರೀಕ್ಷೆ: ತುರ್ತು ಚಿಕಿತ್ಸಾ ವಿಭಾಗದಲ್ಲಿ ಅಧ್ಯಯನ ನಡೆಸುವ ಬಗೆ

ಕೊಳಕುಮಂಡಲದ ವಿಷವು ರಕ್ತದ ಹೆಪ್ಪುಗಟ್ಟುವ ಗುಣವನ್ನು ಕೆಡಿಸುತ್ತದೆ. ಇದನ್ನು ಗುರುತಿಸಲು 2 ಮಿ.ಲೀ. ರಕ್ತವನ್ನು ಗಾಜಿನ ಕೊಳವೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು, ಬಳಿಕ ಒಮ್ಮೆ ಓರೆ ಮಾಡಿ ನೋಡುತ್ತಾರೆ. ಈ ಪರೀಕ್ಷೆ ನಿಮ್ಮ ವಿಭಾಗದಲ್ಲಿ ಎಷ್ಟು ನಂಬಲರ್ಹವೆಂದು ಅಳೆಯಬೇಕಾದರೆ, ಮೊದಲು ಕೊಳವೆಯನ್ನೇ ಗಮನಿಸಿ. ಪ್ಲಾಸ್ಟಿಕ್ ಕೊಳವೆಯಲ್ಲಾಗಲಿ, ಸೋಪಿನ ಪುಡಿಯಿಂದ ತೊಳೆದ ಗಾಜಿನಲ್ಲಾಗಲಿ ಆರೋಗ್ಯವಂತರ ರಕ್ತವೂ ಹೆಪ್ಪುಗಟ್ಟದೆ ಉಳಿಯಬಹುದು. ಆದ್ದರಿಂದ ಹೊಸ, ಒಣ ಗಾಜಿನ ಕೊಳವೆಗಳನ್ನೇ ಬಳಸಿ, ಇಪ್ಪತ್ತು ನಿಮಿಷವನ್ನು ಗಡಿಯಾರ ನೋಡಿಯೇ ಎಣಿಸಿ. ರಾತ್ರಿ ಪಾಳಿಯ ಗದ್ದಲದಲ್ಲಿ ಅಂದಾಜಿನ ಇಪ್ಪತ್ತು ನಿಮಿಷ ಹನ್ನೆರಡೂ ಆಗಬಹುದು, ನಲವತ್ತೂ ಆಗಬಹುದು.

ಹೋಲಿಕೆಗಾಗಿ ಅದೇ ಚುಚ್ಚಿನಲ್ಲಿ ತೆಗೆದ ರಕ್ತದ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ತೋರಿಸುವ ಅಳತೆ) ಅನ್ನು ಪ್ರಯೋಗಾಲಯದಲ್ಲಿ ಅಳೆಸಿ. ಎಷ್ಟಕ್ಕಿಂತ ಹೆಚ್ಚಾದರೆ ಅಸಹಜ ಎಂಬುದನ್ನು ಮೊದಲ ರೋಗಿ ಬರುವ ಮುನ್ನವೇ ಬರೆದಿಡಿ. ಕೊಳವೆ ನೋಡುವವರಿಗೆ ಐಎನ್‌ಆರ್ ಗೊತ್ತಿರಬಾರದು, ಪ್ರಯೋಗಾಲಯದವರಿಗೆ ಕೊಳವೆಯ ಫಲಿತಾಂಶ ಗೊತ್ತಿರಬಾರದು. ಮುಖ್ಯ ವಿಶ್ಲೇಷಣೆಗೆ ಪ್ರತಿವಿಷ ಕೊಡುವ ಮುಂಚಿನ ಮಾದರಿಯನ್ನಷ್ಟೇ ಬಳಸಿ. ಅನಂತರದ ಮಾದರಿಗಳಲ್ಲಿ ಚಿಕಿತ್ಸೆಯ ಪರಿಣಾಮವೂ ಬೆರೆತಿರುತ್ತದೆ. ಅಧ್ಯಯನದ ಸಲುವಾಗಿ ಪ್ರತಿವಿಷ ಒಂದು ನಿಮಿಷವೂ ತಡವಾಗಕೂಡದು.

ರಕ್ತ ಸೋರುತ್ತಿರುವವರನ್ನು ಮಾತ್ರ ಆರಿಸಿದರೆ ಪರೀಕ್ಷೆಯ ಸೂಕ್ಷ್ಮತೆ (ತೊಂದರೆ ಇರುವವರನ್ನು ತಪ್ಪದೆ ಗುರುತಿಸುವ ಸಾಮರ್ಥ್ಯ) ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಹಾವು ಕಡಿತವೆಂದು ಬಂದವರನ್ನೆಲ್ಲ, ರಾತ್ರಿ ಮತ್ತು ರಜಾದಿನಗಳಲ್ಲಿ ಬಂದವರನ್ನೂ ಬಿಡದೆ, ಸಾಲಾಗಿ ಸೇರಿಸಿಕೊಳ್ಳಿ. ಕರ್ನಾಟಕವು 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿರುವುದರಿಂದ, ನಿಮ್ಮ ಪಟ್ಟಿಯಿಂದ ತಪ್ಪಿಹೋದವರೆಷ್ಟು ಎಂಬುದನ್ನು ಆ ವರದಿಗಳೊಂದಿಗೆ ತಾಳೆ ನೋಡಬಹುದು. ನಾಗರಹಾವು, ಕಟ್ಟುಹಾವುಗಳ ವಿಷ ಮುಖ್ಯವಾಗಿ ನರಗಳಿಗೆ ತಗುಲುವುದರಿಂದ ಅಲ್ಲಿ ರಕ್ತ ಸಹಜವಾಗಿಯೇ ಹೆಪ್ಪುಗಟ್ಟುತ್ತದೆ. ಹಾವಿನ ಜಾತಿ ತಿಳಿದಿದ್ದರೆ ಪ್ರತ್ಯೇಕವಾಗಿ ದಾಖಲಿಸಿ.

ಒಪ್ಪಿಗೆಯ ವಿಷಯದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯನ್ನು ಅನುಸರಿಸಿ. ಪ್ರಜ್ಞೆ ತಪ್ಪಿದ ರೋಗಿಯ ಪರವಾಗಿ ಕಾನೂನುಬದ್ಧ ಪ್ರತಿನಿಧಿ ಒಪ್ಪಿಗೆ ನೀಡಬಹುದು. ಪ್ರತಿನಿಧಿಯೂ ಸಿಗದ ಸಂದರ್ಭಕ್ಕೆ ಒಪ್ಪಿಗೆಯನ್ನು ಮುಂದೂಡುವ ಕ್ರಮವನ್ನು ನೈತಿಕ ಸಮಿತಿಯಿಂದ ಮೊದಲೇ ಅನುಮೋದಿಸಿಕೊಳ್ಳಿ. ಒಪ್ಪಿಗೆ ಪತ್ರವನ್ನು ರೋಗಿಯ ಮನೆಮಾತಿನಲ್ಲಿ ಓದಿ ಹೇಳಿ. ಅಪರಾತ್ರಿಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡ ಮಾತ್ರಕ್ಕೆ ಅದು ಒಪ್ಪಿಗೆಯಾಗದು. ವರದಿ ಬರೆಯುವಾಗ, ರೋಗಪತ್ತೆ ಪರೀಕ್ಷೆಗಳ ಅಧ್ಯಯನ ವರದಿಯಲ್ಲಿ ಏನೇನಿರಬೇಕೆಂದು ಹೇಳುವ ಸ್ಟಾರ್ಡ್ 2015ರ ಪಟ್ಟಿಯಂತೆ, ಕೊಳವೆ ಒಡೆದು ಕೈಬಿಟ್ಟ ಮಾದರಿಗಳ ಲೆಕ್ಕವನ್ನೂ ಕೊಡಿ.